ಪ್ರೇಮಕುಮಾರಿ ಟೀಚರ್ ಗೆದ್ದ ಮೀಟಿಂಗು

ನುಸಿಗುಳಿಗೆಯ ವಾಸನೆ ಎಂದರೆ ಪ್ರೇಮಕುಮಾರಿ ಟೀಚರಿಗೆ ಚಿಕ್ಕಂದಿನ ಅಜ್ಜಿಯ ಟ್ರಂಕು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಯಾರೂ ಉಡದೆ ಮತ್ತೆ ಮಡಚಿಡುತ್ತಿದ್ದ ಸೀರೆಗಳು. ಆ ಬೆಳಿಗ್ಗೆ ಅದೇ ವಾಸನೆ ಮೂಡಿಗೆರೆ ಹತ್ತಿರದ ಅವರ ಹೈಸ್ಕೂಲಿನ ಸ್ಟಾಫ್ ರೂಮಿನಿಂದ ಬಂತು. ಮಹಿಳಾ ಮಂಡಳಿಯ ವಿಮಲಮ್ಮ ಬೀರುವಿನಿಂದ ಕೆಂಪು ಬ್ಯಾನರ್ ತೆಗೆದು ಕೊಡವುತ್ತಿದ್ದರು: ‘ಕನ್ಯಾಶೀಲ ಪ್ರತಿಜ್ಞೆ’.

ಟೀಚರಿಗೆ ಮೈ ಉರಿದುಹೋಯಿತು. ಹೋದ ವರ್ಷ ಇದೇ ಬ್ಯಾನರಿನಡಿ ದೀಪ ಹಿಡಿದು ‘ಮದುವೆಯವರೆಗೆ ಶೀಲ ಕಾಯುವೆ’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಪ್ರತಿಜ್ಞೆ ಹೇಳಿದವಳು ಒಂಬತ್ತನೇ ಕ್ಲಾಸಿನ ಅರುಣಾ. ಬೇಸಿಗೆ ರಜೆಗೆ ಮೊದಲೇ ಅವಳು ಬಸುರಿಯಾಗಿ ಶಾಲೆ ಬಿಟ್ಟಳು. ಆಸ್ಪತ್ರೆಯಲ್ಲಿ ಟೀಚರ ಕೈ ಹಿಡಿದು, “ಪ್ರತಿಜ್ಞೆ ಮಾಡಿದ್ನಲ್ಲ ಟೀಚರ್, ಆದ್ರೂ ಹೇಗಾಯ್ತು?” ಎಂದು ಕೇಳಿದ್ದಳು.

ಈ ವರ್ಷ ಇಲಾಖೆ ಎರಡು ಕಾರ್ಯಕ್ರಮ ಮುಂದಿಟ್ಟಿತ್ತು: ಒಂದು ದಿನದ ಪ್ರತಿಜ್ಞೆ, ಇಲ್ಲವೇ ವರ್ಷವಿಡೀ ವಾರಕ್ಕೊಂದು ಪಾಠ. ಪಾಠ ಹುಡುಗ ಹುಡುಗಿಯರಿಬ್ಬರಿಗೂ. ಮೈಯ ಬಗ್ಗೆ, ಬೇಡ ಎನ್ನುವುದರ ಬಗ್ಗೆ. ಯಾವುದು ಬೇಕೆಂದು ತಾಲೂಕಿನ ಶಾಲೆಗಳ ಸಮಿತಿ ಅಂದೇ ಇವರ ಶಾಲೆಯಲ್ಲಿ ಸೇರಿ ತೀರ್ಮಾನಿಸಬೇಕಿತ್ತು.

“ನಂಗೆ ಪಾಠ ಬೇಕು” ಎಂದು ಟೀಚರ್ ಅಂದದ್ದೇ ತಪ್ಪಾಯಿತು. ಮಾತು ಹಸಿ ಸೌದೆಯ ಹೊಗೆಯಂತೆ ಊರೆಲ್ಲ ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಊರವರ ಬಾಯಲ್ಲಿ ಟೀಚರ್ ಮಕ್ಕಳಿಗೆ ಹಾಳು ಸಿನಿಮಾ ತೋರಿಸುವವರಾಗಿದ್ದರು.

ಮೀಟಿಂಗಿನಲ್ಲಿ ಹೆಡ್ಮಾಸ್ಟರು ತಮ್ಮ ಕುರ್ಚಿಯನ್ನು ಸದ್ದಿಲ್ಲದೆ ಟೀಚರತ್ತ ಸರಿಸಿ, ತಾವು ಹಂಚಿನ ಮಾಡು ಸೋರುವ ಜಾಗದಲ್ಲಿ ಕೂತರು. ಅದಕ್ಕಿಂತ ಹೆಚ್ಚಿನ ಧೈರ್ಯ ಅವರಲ್ಲಿರಲಿಲ್ಲ.

“ಹೇಳಿಕೊಟ್ರೆ ಇಲ್ಲದ ಬುದ್ಧಿ ಬರುತ್ತೆ ಮಾರಾಯ್ತಿ!” ಎಂದರು ವಿಮಲಮ್ಮ.

“ಹೇಳಿಕೊಡದೆ ಅರುಣಾಗೆ ಬಂದಿದ್ದೇನು?”

“ಅದು ಅವಳ ಹಣೆಬರಹ. ಬ್ಯಾನರಿಂದೇನು ತಪ್ಪು?”

ಟೀಚರ್ ಈಗ ಸಮಿತಿಯ ಅಧ್ಯಕ್ಷರಾದ ಪ್ಲಾಂಟರ್ ಶಾಂತವೀರಪ್ಪನವರತ್ತ ತಿರುಗಿದರು. “ಸರ್, ಕಾಫಿಗೆ ಹೊಸ ಔಷಧಿ ಬಂದ್ರೆ ನೀವು ಹೇಗೆ ನಂಬ್ತೀರಿ?”

“ಒಂದು ಸಾಲು ಗಿಡಕ್ಕೆ ಹೊಡೀದೆ ಬಿಡ್ತೀನಮ್ಮ. ಅದು ಕೊಳೆತು, ಉಳಿದದ್ದು ಚೆನ್ನಾಗಿದ್ರೆ ಔಷಧಿ ಸಾಚಾ.”

“ಪಕ್ಕದ ತಾಲೂಕಲ್ಲೂ ಹಾಗೇ ಮಾಡಿದಾರೆ ಸರ್. ಕೆಲವು ಶಾಲೆಗೆ ಪಾಠ, ಕೆಲವಕ್ಕೆ ಪ್ರತಿಜ್ಞೆ, ಕೆಲವಕ್ಕೆ ಏನೂ ಇಲ್ಲ. ಪಾಠ ಆದಲ್ಲಿ ಹುಡುಗೀರು ಬಸುರಾಗದೆ ಶಾಲೇಲಿ ಉಳಿದ್ರು. ಪ್ರತಿಜ್ಞೆ ಮಾಡಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.”

ಶಾಂತವೀರಪ್ಪ ಮೇಜು ಗುದ್ದಿದರು. “ಇದನ್ನ ಮೊದ್ಲೇ ಹೇಳಬಾರ್ದಿತ್ತಾ! ಹೆಡ್ಮಾಸ್ಟ್ರೇ, ಬರ್ಕೊಳ್ಳಿ. ಪಾಠವೇ ಸರಿ. ತಾಲೂಕಿನ ಎಲ್ಲ ಶಾಲೆಗೂ ಕೊಡತಕ್ಕದ್ದು.”

ಟೀಚರ ಕಣ್ಣಲ್ಲಿ ನೀರಾಡಿತು. ವಿಮಲಮ್ಮನ ಕೈಯಿಂದ ಬ್ಯಾನರ್ ಜಾರಿತು.

“ನಮ್ಮ ಶಾಲೆಯೊಂದನ್ನ ಮಾತ್ರ ಹೊಡೀದ ಸಾಲಾಗಿ ಬಿಡತಕ್ಕದ್ದು.”

“ಸರ್! ನಮ್ಮನ್ಯಾಕೆ?”

“ಯಾರಾದ್ರೂ ಒಬ್ರು ಬಿಡ್ಬೇಕಲ್ಲಮ್ಮ? ಇಲ್ದಿದ್ರೆ ಪಾಠ ಕೆಲಸ ಮಾಡ್ತು ಅಂತ ಗೊತ್ತಾಗೋದು ಹೇಗೆ? ನೀವೇ ಹೇಳಿದ್ದು!”

“ಹಾಗಾದ್ರೆ ಪ್ರತಿಜ್ಞೆ?” ವಿಮಲಮ್ಮ ಬ್ಯಾನರ್ ಎತ್ತಿಕೊಂಡರು.

“ಧಾರಾಳವಾಗಿ ಮಾಡಿ. ಅದರಿಂದ ಏನೂ ಆಗಲ್ಲ ಅಂತ ಟೀಚರೇ ಹೇಳಿದಾರಲ್ಲ, ಪರೀಕ್ಷೆಗೆ ತೊಂದ್ರೆ ಇಲ್ಲ.”

ಚಪ್ಪಾಳೆಯಾಯಿತು. ಟೀಚರಿಗೆ ವಂದನೆಯೂ ಅರ್ಪಿತವಾಯಿತು. ಅವರು ಯಾರ ಮುಖವನ್ನೂ ನೋಡದೆ ಎದ್ದುಹೋಗಿ ಅಡುಗೆಕೋಣೆಯ ಮೆಟ್ಟಿಲ ಮೇಲೆ ಕೂತರು.

ಶಾಲೆಯ ಅಡುಗೆಯವಳು ಮರಿಯಮ್ಮ, ಅರುಣಾಳ ತಾಯಿ, ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅನ್ನ, ಸಾರು ಬಡಿಸಿದ ತಟ್ಟೆ ತಂದು ಟೀಚರ ಕೈಗಿಟ್ಟು, ಪಕ್ಕದಲ್ಲಿ ಕೂತಳು.