ಒಂದೂ ಗುಳ್ಳೆಯಿಲ್ಲದ ಮೌತ್ ಆರ್ಗನ್

ಲೋಕದಲ್ಲಿ ಕೆಲಸ ಕೆಡಿಸಿ ಬೈಸಿಕೊಂಡವರು ಬೇಕಾದಷ್ಟು ಜನರಿದ್ದಾರೆ. ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸಿ ಮನೆಹಾಳು ಮಾಡಿದವನು, ನನಗೆ ತಿಳಿದಮಟ್ಟಿಗೆ, ನಾನೊಬ್ಬನೇ. ಹೆಂಡತಿ ಬೈದಿದ್ದರೆ ನನಗೆ ಚಿಂತೆಯಿರಲಿಲ್ಲ. ಬೈಗುಳ ನನಗೆ ಊಟದ ಜೊತೆ ನೀರಿದ್ದ ಹಾಗೆ. ಆದರೆ ಅವತ್ತು ಅವಳು ಬೈಯಲೇ ಇಲ್ಲ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಅಂಚೆ ಕಚೇರಿಯ ಗುಮಾಸ್ತ. ಎದುರಿಗೆ ಗೋಂದಿನ ಬಾಟಲಿ ಇಟ್ಟುಕೊಂಡೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವನು. ಇಷ್ಟಾದರೂ ನಾನು ಅಂಟಿಸಿದ್ದು ಯಾವುದೂ ನಿಂತ ಇತಿಹಾಸವಿಲ್ಲ. ಕಾಗದದ ಬಿಳಿ ಗೋಂದನ್ನು ಚಪ್ಪಲಿಯ ಅಟ್ಟೆಗೆ ಹಚ್ಚಿ, ಅಟ್ಟೆಯನ್ನು ಬಸ್ಸಿಗೆ ದಾನ ಮಾಡಿ, ಬರಿಯ ಪಟ್ಟಿಯನ್ನು ಪಾದಕ್ಕೆ ಧರಿಸಿ ಮನೆಗೆ ಬಂದ ಮಹಾಪುರುಷ ನಾನು. ಕ್ಷಣದಲ್ಲಿ ಅಂಟುವ ಗೋಂದನ್ನು ಕನ್ನಡಕದ ಕಡ್ಡಿಗೆ ಹಾಕಿ, ಅದರ ಹಬೆಗೆ ಗಾಜೆಲ್ಲ ಬೆಳ್ಳಗಾಗಿ, ವಾರಪೂರ್ತಿ ಜಗತ್ತನ್ನು ಮಸುಕುಮಸುಕಾಗಿ ನೋಡಿದೆ. (ಅದೇ ಗೋಂದಿನಲ್ಲಿ ನನ್ನ ಹೆಬ್ಬೆರಳೂ ತೋರುಬೆರಳೂ ಒಂದಾಗಿ, ಸ್ಟಾಂಪು ಕೊಳ್ಳಲು ಬಂದವರಿಗೆಲ್ಲ 'ಬಹಳ ಸೊಗಸಾಗಿದೆ' ಎಂದು ಸನ್ನೆ ಮಾಡುತ್ತಾ ಕೂತಿದ್ದೆ.) ಪಾತ್ರೆಯ ಹಿಡಿ ಕಿತ್ತುಬಂದಾಗ ಕಾಯಿಸಿ ಹಚ್ಚುವ ಅಂಟಿನ ಕಡ್ಡಿಯಿಂದ ಮೆತ್ತಿಕೊಟ್ಟೆ. ಒಲೆಯ ಮೇಲಿಂದ ಇಳಿಸುವಾಗ ಹಿಡಿ ಅವಳ ಕೈಯಲ್ಲಿತ್ತು, ಪಾತ್ರೆ ನೆಲದ ಮೇಲಿತ್ತು.

"ಕಾಯಿಸಿದ್ರೆ ಕರಗೋ ಅಂಟು ಒಲೆ ಮೇಲೆ ಕರಗುತ್ತೆ ಅಂತ ತಿಳ್ಕೊಳ್ಳೋಕೆ ಎಷ್ಟು ಓದಿರ್ಬೇಕ್ರೀ?" ಎಂದಳು.

"ಅದು ಪ್ರಯೋಗ ಕಣೇ."

"ನಿಮ್ಮ ಪ್ರಯೋಗಕ್ಕೆ ನನ್ನ ಕಾಲೇ ಬೇಕಿತ್ತಾ?"

ಇಂಥ ಹೊತ್ತಿನಲ್ಲೇ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು ಕರಕುಶಲ ತರಗತಿ ಶುರುಮಾಡಿದರು. ಎಲ್ಲರೂ ಅವರನ್ನು ರೆಸಿನ್ ಮೇಡಂ ಎಂದೇ ಕರೆಯುತ್ತಿದ್ದರು. ಭಾನುವಾರ ಮಧ್ಯಾಹ್ನ ತರಗತಿ. ನಾನು ಸುಮ್ಮನೆ ಬಾಯಿಮಾತಿಗೆ ಹೇಳಿದರೆ, ನನ್ನ ಹೆಂಡತಿ ನನಗಿಂತ ಮೊದಲೇ ಎದ್ದು ನಿಂತಳು.

"ಹೋಗಿ ಬನ್ನಿ. ಭಾನುವಾರ ಮನೇಲಿ ಕೂತು ಏನ್ ಮಾಡ್ತೀರಿ? ಊಟ ಬಂದ್ಮೇಲೆ ಮಾಡಿದ್ರಾಯ್ತು. ಬೇಗ ಬರ್ಬೇಕು ಅಂತೇನೂ ಇಲ್ಲ."

ಕೈಹಿಡಿದವಳಿಗೆ ನನ್ನ ಕಲೆಯ ಮೇಲೆ ಇಷ್ಟು ನಂಬಿಕೆಯೇ ಎಂದು ನನ್ನ ಎದೆ ಉಬ್ಬಿತು. ಆ ಎದೆಯ ಗತಿ ಏನಾಯಿತೆಂದು ಮುಂದೆ ಹೇಳುತ್ತೇನೆ.

ರೆಸಿನ್ ಮೇಡಂ ನಿಜಕ್ಕೂ ಕಣ್ಣು ತೆರೆಸಿದರು. "ಅಂಟು ಆರಿಸೋಕೆ ಮುಂಚೆ ವಸ್ತುವನ್ನ ಮಾತಾಡಿಸ್ಬೇಕು" ಎನ್ನುತ್ತಿದ್ದರು. ಮರ ನೀರು ಕುಡಿಯುತ್ತದೆ, ಅದಕ್ಕೆ ಒಳಗೆ ಇಳಿಯುವ ಗೋಂದು. ಬಟ್ಟೆ ಬಗ್ಗುತ್ತದೆ, ಅದಕ್ಕೆ ಬಗ್ಗುವ ಗೋಂದು. ಗಾಜು, ಲೋಹ ಏನನ್ನೂ ಕುಡಿಯುವುದಿಲ್ಲ. ಅದಕ್ಕೆ ಎರಡು ಕೊಳವೆಯಿಂದ ಹಿಂಡಿ ಕಲಸುವ ಗಟ್ಟಿ ಅಂಟು. ಇನ್ನು ನೆನಪಿನ ವಸ್ತುಗಳನ್ನು ಹುದುಗಿಸಿಡಲು, ಆರಿದ ಮೇಲೆ ಗಾಜಿನಂತೆ ಗಟ್ಟಿಯಾಗುವ ಪಾರದರ್ಶಕ ದ್ರವ, ರೆಸಿನ್. ಅಳತೆಯಲ್ಲಿ ಕಲಸಬೇಕು, ನಿಧಾನವಾಗಿ ತಿರುಗಿಸಬೇಕು, ಅಚ್ಚಿಗೆ ಹೊಯ್ದು ಮರುದಿನದವರೆಗೆ ಮುಟ್ಟಬಾರದು. ಒಳಗೆ ಗಾಳಿ ಇರುವ ವಸ್ತುವಾದರೆ ಮೊದಲು ತೂತುಗಳನ್ನೆಲ್ಲ ತುಂಬಿಬಿಡಬೇಕು, ಇಲ್ಲವಾದರೆ ಗುಳ್ಳೆ ಏಳುತ್ತದೆ. ಹೀಗೆ ನಾನು ಅಂಟುಶಾಸ್ತ್ರ ವಿಶಾರದನಾದೆ. ಒಣಗಿದ ಹೂವು, ಗುಂಡಿ, ಹಳೇ ನಾಣ್ಯ, ಕೈಗೆ ಸಿಕ್ಕಿದ್ದನ್ನೆಲ್ಲ ರೆಸಿನ್ನಿನಲ್ಲಿ ಮುಳುಗಿಸಿದೆ. ಎಲ್ಲದರಲ್ಲೂ ಗುಳ್ಳೆ. ಒಂದಂತೂ ಸೋಡಾ ಬಾಟಲಿಯ ಹಾಗಿತ್ತು.

ಈಗ ನಮ್ಮ ಅತ್ತೆಯ ವಿಷಯ. ಹೋದ ವರ್ಷದಿಂದ ಅವರು ನಮ್ಮ ಜೊತೆಗಿದ್ದಾರೆ. ಮೈಯಲ್ಲಿ ಕಸುವಿದೆ, ನೆನಪು ಮಾತ್ರ ಜಾರಿಹೋಗುತ್ತಿದೆ. ಬೆಳಿಗ್ಗೆ ನನ್ನನ್ನು ಅಳಿಯಂದಿರೇ ಎನ್ನುತ್ತಾರೆ, ಕೆಲವು ಸಂಜೆ 'ಯಾರನ್ನ ನೋಡ್ಬೇಕಿತ್ತು?' ಎಂದು ಬಾಗಿಲಲ್ಲೇ ತಡೆಯುತ್ತಾರೆ. ನಮ್ಮ ಮಾವ ಬೀಗ ರಿಪೇರಿ ಮಾಡುತ್ತಿದ್ದವರು. ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರ ಬೀಗ, ಸಲಾಕೆ, ಅರಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಉಳಿದದ್ದು ಒಂದು ಮೌತ್ ಆರ್ಗನ್ ಮಾತ್ರ.

ಒಂದು ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಮನೆಗೆ ಬಂದು, ಗುಳ್ಳೆ ಚುಚ್ಚುವುದಕ್ಕೆ ಗುಂಡುಸೂಜಿ ಹುಡುಕುತ್ತಾ ಹೊಲಿಗೆ ಯಂತ್ರದ ಡ್ರಾಯರ್ ಎಳೆದೆ. ಬಟ್ಟೆಯ ಚೀಲದಲ್ಲಿ ಅದು ಮಲಗಿತ್ತು. ತೆಗೆದು ನೋಡಿದರೆ ಥಳಥಳ ಎನ್ನುತ್ತಿದೆ, ಒಂದು ಚೂರೂ ಧೂಳಿಲ್ಲ. (ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.) ನನ್ನ ತಲೆಯಲ್ಲಿ ಭವ್ಯವಾದ ಆಲೋಚನೆಯೊಂದು ಉದಯಿಸಿತು. ಪಾಪ, ನನ್ನ ಹೆಂಡತಿಗೆ ಉಳಿದಿರುವ ಅಪ್ಪನ ಏಕೈಕ ನೆನಪು ಡ್ರಾಯರಿನಲ್ಲಿ ದಾರದುಂಡೆಗಳ ಮಧ್ಯೆ ಕೊಳೆಯುತ್ತಿದೆ. ಇದನ್ನು ಸ್ಫಟಿಕದಂಥ ರೆಸಿನ್ನಿನಲ್ಲಿ ಅಜರಾಮರವಾಗಿಸಿ ಅವಳಿಗೆ ಕೊಟ್ಟರೆ? ಚಪ್ಪಲಿ, ಪಾತ್ರೆ, ಕನ್ನಡಕ ಎಲ್ಲದರ ಪಾಪವೂ ಒಂದೇ ಏಟಿಗೆ ತೊಳೆದುಹೋಗುತ್ತದೆ.

ಮಹಡಿಯ ಸಾಮಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಳತೆ ತಪ್ಪಲಿಲ್ಲ. ಮೇಡಂ ಹೇಳಿದಂತೆ ವಸ್ತುವನ್ನು ಮಾತಾಡಿಸಿದೆ: ಲೋಹ, ಮರ, ಒಳಗೆಲ್ಲ ಗಾಳಿ. ಗಾಳಿಯೇ ನನ್ನ ಶತ್ರು. ಸಿರಿಂಜಿನಲ್ಲಿ ರೆಸಿನ್ ಎಳೆದುಕೊಂಡು, ಊದುವ ತೂತುಗಳಿಗೆಲ್ಲ ಒಂದೊಂದಾಗಿ, ಎಳೆಕೂಸಿಗೆ ಔಷಧಿ ಕುಡಿಸುವ ಹಾಗೆ ತುಂಬಿದೆ. ಒಳಗಿನ ಸಣ್ಣ ಸಣ್ಣ ಹಿತ್ತಾಳೆ ನಾಲಿಗೆಗಳೆಲ್ಲ ಮುಳುಗುವವರೆಗೂ ಬಿಡಲಿಲ್ಲ. ವಸ್ತುವನ್ನು ಎಷ್ಟೆಲ್ಲ ಕೇಳಿದೆ ಸ್ವಾಮಿ! ಕೆಳಗಡೆ ಅಡುಗೆಮನೆಯಲ್ಲಿದ್ದ ಅದರ ಒಡತಿಯನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ.

ಮರುದಿನ ಅಚ್ಚನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತರಗತಿಗೇ ಒಯ್ದು, ಎಲ್ಲರೆದುರು ಬಿಡಿಸಿದೆ. ರೆಸಿನ್ ಮೇಡಂ ಅದನ್ನು ಬೆಳಕಿಗೆ ಹಿಡಿದರು. ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಅಯ್ಯಯ್ಯೋ, ಒಂದೇ ಒಂದು ಗುಳ್ಳೆ ಇಲ್ವಲ್ರೀ! ನಂಗೂ ಇಷ್ಟು ಚೆನ್ನಾಗಿ ಬಂದಿಲ್ಲ."

ತರಗತಿಯ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಜೀವಮಾನದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಅಲ್ಲೇ ಒಂದು ಕೆಂಪು ರಿಬ್ಬನ್ ಕಟ್ಟಿಸಿಕೊಂಡು, ಮದುಮಗನ ಗತ್ತಿನಲ್ಲಿ ಮನೆ ಕಡೆ ನಡೆದೆ.

ಮನೆಯೊಳಗೆ ಕಾಲಿಟ್ಟರೆ ಕಳ್ಳರು ನುಗ್ಗಿ ಹೋದಂತಿದೆ. ಡ್ರಾಯರುಗಳೆಲ್ಲ ನೆಲದ ಮೇಲೆ. ಹಾಸಿಗೆ ತಲೆಕೆಳಗು. ನನ್ನ ಹೆಂಡತಿ ಬೆವರು ಸುರಿಸುತ್ತಾ ಕಪಾಟಿನ ಹಿಂದೆ ಕೈ ಹಾಕಿ ತಡಕುತ್ತಿದ್ದಾಳೆ. ಕಿಟಕಿಯ ಪಕ್ಕ ಅತ್ತೆ ತಟ್ಟೆಯೆದುರು ಕೂತಿದ್ದಾರೆ. ತಟ್ಟೆಯಲ್ಲಿ ಬಡಿಸಿದ್ದೆಲ್ಲ ಹಾಗೇ ಆರಿಹೋಗಿದೆ.

"ರೀ, ಹೊಲಿಗೆ ಮೆಷೀನ್ ಡ್ರಾಯರ್‌ನಲ್ಲಿ ಅಪ್ಪನ ಮೌತ್ ಆರ್ಗನ್ ಇತ್ತಲ್ಲಾ, ನೋಡಿದ್ರಾ?"

ನನಗೋ ರೋಮಾಂಚನ! ಉಡುಗೊರೆ ಕೊಡುವುದಕ್ಕೆ ಇದಕ್ಕಿಂತ ಸುಮುಹೂರ್ತ ಇನ್ನೊಂದಿದೆಯೇ? "ಕಣ್ಣು ಮುಚ್ಚು" ಎಂದೆ.

"ತಮಾಷೆ ಮಾಡೋ ಹೊತ್ತಲ್ಲ ಇದು. ಕೊಡಿ ಬೇಗ!"

ರಿಬ್ಬನ್ ಕಟ್ಟಿದ ಗಟ್ಟಿಯನ್ನು ಅವಳ ಅಂಗೈಮೇಲೆ ಇಟ್ಟೆ. ಅವಳು ಅದನ್ನೇ ನೋಡಿದಳು. ಉಗುರಿನಿಂದ ಒಂದು ಅಂಚನ್ನು ಕೆರೆದಳು. ಇನ್ನೊಂದು ಅಂಚನ್ನು ಕೆರೆದಳು.

"ತೆಗೀರಿ ಇದನ್ನ."

"ತೆಗೆಯೋದಾ? ಇನ್ನು ನೂರು ವರ್ಷ ಆದ್ರೂ ಇದಕ್ಕೆ ಏನೂ ಆಗಲ್ಲ ಕಣೇ. ನೀರಿಗೆ ಹೆದರಲ್ಲ, ಬಿಸಿಲಿಗೆ ಹಳದಿ ಆಗಲ್ಲ. ಒಳಗೆ ನೋಡು, ಒಂದೇ ಒಂದು ಗುಳ್ಳೆ…"

"ಒಳಗೂ ತುಂಬಿದೀರಾ?"

"ಮತ್ತೆ? ಒಂದು ತೂತೂ ಬಿಟ್ಟಿಲ್ಲ."

ಅವಳು ಅಲ್ಲೇ ನೆಲದ ಮೇಲೆ, ಡ್ರಾಯರುಗಳ ಮಧ್ಯೆ ಕೂತುಬಿಟ್ಟಳು. ಆಮೇಲೆ ತಗ್ಗಿದ ದನಿಯಲ್ಲಿ ಒಂದೊಂದಾಗಿ ಹೇಳಿದಳು. ಮಾವ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬರುವಾಗ ಬೀದಿಯ ತಿರುವಿನಿಂದಲೇ ಮೌತ್ ಆರ್ಗನ್ ಊದುತ್ತಾ ಬರುತ್ತಿದ್ದರಂತೆ. ಅದು ಕೇಳಿಸಿದ ಮೇಲೇ ಅತ್ತೆ ತಟ್ಟೆ ಹಾಕುತ್ತಿದ್ದದ್ದು. ಈಗ ಅತ್ತೆಗೆ ಬೇರೆಲ್ಲ ಮರೆತುಹೋಗಿ ಅದೊಂದೇ ಉಳಿದಿದೆ: ಅವರು ಬರದೆ ತಾನು ಉಣ್ಣಬಾರದು. ಹಾಗಾಗಿ ಇವಳು ದಿನಾ ಹಿತ್ತಿಲ ಬಾಗಿಲಿಗೆ ಹೋಗಿ ಎರಡು ಸಾಲು ಊದಿ ಬಂದು, 'ಅಪ್ಪ ಬಂದ್ರಮ್ಮಾ, ಕೈಕಾಲು ತೊಳೀತಿದಾರೆ, ನೀನು ಶುರುಮಾಡು' ಎನ್ನುತ್ತಿದ್ದಳು. ಅತ್ತೆ ನಗುತ್ತಾ ಊಟ ಮಾಡುತ್ತಿದ್ದರು. ಮುಗಿಯುವ ಹೊತ್ತಿಗೆ ಎಲ್ಲ ಮರೆತಿರುತ್ತಿತ್ತು.

"ನಂಗೆ ಯಾಕೆ ಹೇಳ್ಲಿಲ್ಲ?"

"ಹೆತ್ತ ತಾಯಿಗೆ ದಿನಾ ಸುಳ್ಳು ಹೇಳ್ತಿದೀನಿ ಅಂತ ಹೇಗ್ರೀ ಹೇಳ್ಲಿ? ನಂಗೇ ನಾಚಿಕೆ. ಅದಕ್ಕೇ ಭಾನುವಾರ ನಿಮ್ಮನ್ನ ಕ್ಲಾಸಿಗೆ ಕಳಿಸ್ತಿದ್ದೆ."

ಕಲೆಯ ಮೇಲಿನ ನಂಬಿಕೆ ಅಂದರೆ ಇದು. ಆದರೆ ಆಗ ನನಗೆ ಅದರ ಬಗ್ಗೆ ಅಳುವಷ್ಟೂ ಪುರುಸೊತ್ತಿರಲಿಲ್ಲ. ಬಿಸಿನೀರಲ್ಲಿ ಹಾಕಿದೆ. ಗರಗಸ ಹಿಡಿದೆ. ಸುತ್ತಿಗೆಯಲ್ಲಿ ಹೊಡೆದೆ, ಸುತ್ತಿಗೆಯ ಹಿಡಿ ಕಳಚಿ ಹಾರಿತು. (ಆ ಹಿಡಿಯನ್ನೂ ಹಿಂದೆ ಅಂಟಿಸಿದವನು ನಾನೇ.) ಕೊನೆಗೆ ರೆಸಿನ್ ಮೇಡಂಗೆ ಫೋನ್ ಮಾಡಿದೆ.

"ಮೇಡಂ, ಒಳಗಿರೋದನ್ನ ಹೊರಗೆ ತೆಗೆಯೋದು ಹೇಗೆ?"

"ಯಾಕ್ರೀ ತೆಗೀತೀರಿ? ಅಷ್ಟು ಚೆನ್ನಾಗಿ ಬಂದಿದೆ!"

"ಅದು ಊದೋಕೆ ಬೇಕಂತೆ ಮೇಡಂ."

ಅವರು ಮೆಲ್ಲಗೆ, "ಗುಳ್ಳೆ ಇದ್ದಿದ್ರೆ ಎಲ್ಲಾದ್ರೂ ಬಿರುಕು ಬಿಡ್ತಿತ್ತೇನೋ" ಎಂದರು. ನಾನು ಅಂಟಿಸಿದ್ದು ಕಿತ್ತುಬರಲಿ ಎಂದು ನಾನೇ ಬೇಡಿಕೊಂಡ ದಿನ ಅದೊಂದೇ. ಅವತ್ತೇ ಅದು ಜಗ್ಗಲಿಲ್ಲ.

ಅತ್ತೆ ಅವತ್ತು ಊಟ ಮಾಡಲಿಲ್ಲ. "ಅವರು ಬರ್ಲಿ" ಎಂದು ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಮರುದಿನ ರಜೆ ಹಾಕಿ, ವಾದ್ಯದ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತು, ಇದ್ದುದರಲ್ಲೇ ಒಳ್ಳೆಯ ಹೊಸ ಮೌತ್ ಆರ್ಗನ್ ತಂದೆ. ಮಧ್ಯಾಹ್ನ ನನ್ನ ಹೆಂಡತಿ ಹಿತ್ತಿಲ ಬಾಗಿಲಿಗೆ ಹೋಗಿ ಅದೇ ಎರಡು ಸಾಲು ಊದಿದಳು. ಅತ್ತೆ ತಲೆ ಎತ್ತಿದರು, ಕಿವಿಗೊಟ್ಟು ಕೇಳಿದರು, ಆಮೇಲೆ ತಲೆಯಾಡಿಸಿದರು.

"ಅವರಲ್ಲ ಇದು" ಎಂದರು. ಹಳೆಯದರಲ್ಲಿ ಒಂದು ಸ್ವರ ಒಡೆದು ಕೀರಲಾಗಿತ್ತಂತೆ. ಹೊಸದರಲ್ಲಿ ಎಲ್ಲ ಸರಿಯಾಗಿತ್ತು, ಅದೇ ತಪ್ಪಾಯಿತು.

ಹೆಂಡತಿಯ ಮುಖ ನೋಡಲಾಗಲಿಲ್ಲ. "ಒಡೆದ ಸ್ವರ ತಾನೆ ಬೇಕು, ಕೊಡಿಲ್ಲಿ" ಎಂದು ಕಸಿದುಕೊಂಡು ಮುಂಬಾಗಿಲಿನಿಂದ ಓಡಿ, ಬೀದಿ ಕಡೆಯ ಕಿಟಕಿಯ ಕೆಳಗೆ ನಿಂತು ಊದಿದೆ. ಒಡೆದದ್ದು ಒಂದು ಸ್ವರವಲ್ಲ, ಎಲ್ಲವೂ. ಎದುರುಮನೆಯ ನಾಯಿ ಎದ್ದು ಒಳಗೆ ಹೋಯಿತು. ಕಿಟಕಿಯೊಳಗಿಂದ ಅತ್ತೆಯ ದನಿ ಕೇಳಿಸಿತು.

"ಯಾರೋ ಬೇಡೋಕೆ ಬಂದಿದಾನೆ ಕಣೇ. ಪಾಪ, ಹಸಿದಿದಾನೆ, ಊದೋಕೆ ಉಸಿರೇ ಇಲ್ಲ. ಈ ತಟ್ಟೆ ಅವನಿಗೆ ಕೊಡು."

"ನೀನು ಊಟ ಮಾಡಮ್ಮಾ…"

"ಮೊದ್ಲು ಅವನು ತಿನ್ಲಿ. ಬಾಗಿಲಿಗೆ ಬಂದವನು ಹಸಿದುಕೊಂಡು ನಿಂತಿರೋವಾಗ ನಂಗೆ ತುತ್ತು ಇಳಿಯುತ್ತಾ?"

ನನ್ನ ಹೆಂಡತಿ ತಟ್ಟೆ ಹಿಡಿದು ಹೊರಗೆ ಬಂದಳು. ನನ್ನ ಕೈಗೆ ಕೊಟ್ಟಳು. ನಮ್ಮ ಮನೆಯ ಮೆಟ್ಟಿಲ ಮೇಲೇ ಕೂತು ತಿಂದೆ. ಅತ್ತೆ ಒಳಗಿಂದ "ತಿಂದ್ನಾ?" ಎಂದು ಕೇಳಿ, "ಹಾಗಾದ್ರೆ ನಂಗೂ ಹಾಕು" ಎಂದರು.

ಅಂದಿನಿಂದ ಇದೇ ನನ್ನ ನಿತ್ಯದ ಉದ್ಯೋಗ. ಊಟದ ಬಿಡುವಿನಲ್ಲಿ ಕಚೇರಿಯಿಂದ ಓಡಿಬಂದು, ನನ್ನ ಮನೆಯ ಕಿಟಕಿಯ ಕೆಳಗೆ ನಿಂತು ಊದಿ, ನನ್ನ ಸಂಬಳದ ಊಟವನ್ನು ಬೇಡಿ ತಿಂದು, ಮತ್ತೆ ಓಡುತ್ತೇನೆ. ಬೀದಿಯವರು ಮೊದಮೊದಲು ಬಾಯಿ ಬಿಟ್ಟು ನೋಡುತ್ತಿದ್ದರು, ಈಗ ಗಡಿಯಾರ ಸರಿಮಾಡಿಕೊಳ್ಳುತ್ತಾರೆ. ಸಂಜೆ ಅತ್ತೆ ನನಗೇ ವರದಿ ಕೊಡುತ್ತಾರೆ: "ಇವತ್ತೂ ಆ ಬಡಪಾಯಿ ಬಂದಿದ್ದ ಅಳಿಯಂದಿರೇ. ಊದೋದು ಇನ್ನೂ ಕಲ್ತಿಲ್ಲ."

ಮೊನ್ನೆ ನಾನು ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದಾಗ ಅತ್ತೆ ತಾವೇ ಎದ್ದು ಕಿಟಕಿಗೆ ಬಂದರು. ಹಿಂದೆ ನನ್ನ ಹೆಂಡತಿ ನಿಂತಿದ್ದಳು.

"ಏನಪ್ಪಾ, ಎಲ್ಲೂ ಕೆಲಸ ಸಿಗ್ಲಿಲ್ವಾ?"

"ಇಲ್ಲಮ್ಮಾ."

"ನಮ್ಮ ಅಳಿಯಂದಿರು ಅಂಚೆ ಕಚೇರೀಲಿದಾರೆ. ಒಂದ್ಮಾತು ಹೇಳಿ ನೋಡ್ತೀನಿ. ಬುದ್ಧಿ ಸ್ವಲ್ಪ ಕಮ್ಮಿ, ಆದ್ರೆ ಮನಸ್ಸು ಒಳ್ಳೇದು."

ನನ್ನ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ಆ ಭಾನುವಾರದ ನಂತರ ಅವಳು ನಕ್ಕಿದ್ದು ಅದೇ ಮೊದಲು. ನನಗೂ ಎಷ್ಟೋ ಹಗುರವಾಯಿತು. ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು ಇನ್ನಷ್ಟು ಹತ್ತಿರ ಬಗ್ಗಿದರು.

"ನಮ್ಮನೆಯವರೂ ಊದ್ತಾರಪ್ಪಾ. ನಿನ್ನ ಹಾಗಲ್ಲ, ಚೆನ್ನಾಗಿ ಊದ್ತಾರೆ, ಬೇಜಾರು ಮಾಡ್ಕೋಬೇಡ. ಈಚೆಗೆ ಯಾಕೋ ಮಧ್ಯಾಹ್ನ ಬರೋದೇ ಬಿಟ್ಟಿದಾರೆ. ನೀನು ಬೀದಿ ಬೀದಿ ಸುತ್ತೋನು. ಎಲ್ಲಾದ್ರೂ ಕಂಡ್ರೆ, ಊಟಕ್ಕೆ ಕಾಯ್ತಿದಾಳೆ ಅಂತ ಹೇಳ್ತೀಯಾ?"

ಹೆಂಡತಿಯ ಕೈ ಬಾಯಿಯ ಮೇಲೇ ಇತ್ತು. ನಗು ಇರಲಿಲ್ಲ.

"ಹೇಳ್ತೀನಮ್ಮಾ" ಎಂದೆ.

"ತಿನ್ನು, ತಿನ್ನು. ಆರಿಹೋಗುತ್ತೆ."

ತಿಂದೆ. ತಟ್ಟೆಯಲ್ಲಿ ಏನೂ ಬಿಡಲಿಲ್ಲ. ನಾನು ಬಿಟ್ಟರೆ ಅವರು ತಿನ್ನುವುದಿಲ್ಲ.