ಏಲಕ್ಕಿ ಚಹಾದ ಬತ್ತಿ

ಬಸವೇಶನ ಸಂಸಾರಕ್ಕೆ ಬತ್ತಿ ಇಟ್ಟವರು ಹೊರಗಿನವರು ಯಾರೂ ಅಲ್ಲ, ಸ್ವತಃ ಬಸವೇಶನೇ. ಅದೂ ಹತ್ತಿಯದು, ಅಕ್ಕಿಕಾಳಿಗಿಂತ ತುಸು ದಪ್ಪದ್ದು.

ಹೆಂಡತಿ ಮಾಧುರಿ ತಂಗಿಯ ಬಾಣಂತನಕ್ಕೆಂದು ಪರದೇಶದ ಈ ಮನೆಯಿಂದ ಧಾರವಾಡಕ್ಕೆ ಹೋಗಿ ಏಳು ತಿಂಗಳಾಗಿತ್ತು. ಹೋಗುವಾಗ ವಿಮಾನ ನಿಲ್ದಾಣದಲ್ಲೇ, "ನಾ ಬರೂದ್ರಾಗ ಸಿಗರೇಟು ಬಿಟ್ಟಿರಬೇಕ ನೋಡ್ರಿ. ಬಾಯಾಗ ಹೊಗಿ ಕಂಡ್ರ ಅದ ವಿಮಾನಾ ಹತ್ತಿ ತಿರುಗಿ ಹೋಗ್ತೀನಿ," ಎಂದು ಆಣೆ ಮಾಡಿಸಿದ್ದಳು. ಬಸವೇಶ ಸಿಗರೇಟು ಬಿಟ್ಟ, ವೇಪು ಎಂಬ ಬ್ಯಾಟರಿ ಸಿಗರೇಟು ಹಿಡಿದ. ಇದು ಹೊಗೆಯಲ್ಲ, ಬರೀ ಆವಿ ಎಂದು ತನ್ನ ಮನಸ್ಸಾಕ್ಷಿಯ ಎದುರು ತಾನೇ ವಕೀಲನಾಗಿ ವಾದಿಸಿ ಗೆದ್ದ.

ಬರಬರುತ್ತ ಅದು ಚಟಕ್ಕಿಂತ ನೆನಪಿಗೇ ಹೆಚ್ಚು ಬೇಕಾಯಿತು. ಅಂಗಡಿಯಲ್ಲಿ ಏಲಕ್ಕಿ ಚಹಾದ ರುಚಿಯ ರಸವೊಂದು ಸಿಕ್ಕಿತ್ತು. ಅವನು ಬೋಲ್ಟನ್ನಿನ ವೇರ್‌ಹೌಸಿಗೆ ಹೊರಡುವ ಮುಂಜಾನೆಗಳಲ್ಲಿ ಮಾಧುರಿ ಏಲಕ್ಕಿ ಜಜ್ಜಿ ಕುದಿಸುತ್ತಿದ್ದ ಚಹಾದ ಘಮ ಆ ರಸದಲ್ಲಿ ಎಲ್ಲೋ ಅಡಗಿತ್ತು. ರಸವನ್ನು ಕಾಯಿಸಿ ಆವಿ ಮಾಡುವ ತಂತಿಯ ಸುರುಳಿ, ಅಂಗಡಿಯ ಕಾಯಿಲು ಮಾತ್ರ ಅದನ್ನು ಸುಟ್ಟು ಹಾಳು ಮಾಡುತ್ತಿತ್ತು. ಹಾಗಾಗಿ ತಾನೇ ಕಾಯಿಲು ಮಾಡಲು ಕೂತ. ಸಣ್ಣ ಸ್ಕ್ರೂಡ್ರೈವರಿಗೆ ಕೂದಲೆಳೆಯಂಥ ತಂತಿ ಸುತ್ತಬೇಕು, ಆ ಸುರುಳಿಯೊಳಗೆ ಹತ್ತಿಯ ಬತ್ತಿ ತೂರಿಸಿ ರಸದಲ್ಲಿ ನೆನೆಸಬೇಕು. ಐದು ಸುತ್ತಿಗೆ ಗಂಟಲು ಉರಿಯಿತು. ಎಂಟು ಸುತ್ತಿಗೆ ಆವಿಯೇ ಬರಲಿಲ್ಲ. ಹತ್ತಿ ಬಿಗಿಯಾದರೆ ಸುಟ್ಟ ಅರಿವೆಯ ರುಚಿ, ಸಡಿಲಾದರೆ ಬಾಯಿ ತುಂಬ ರಸ. ಒಂದೊಂದು ಸೋಲನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ. ಕಾಲೇಜಿನಲ್ಲಿ ಇದರ ಅರ್ಧ ಬರೆದಿದ್ದರೂ ಎಂಜಿನಿಯರ್ ಆಗುತ್ತಿದ್ದ.

ಈ ಶನಿವಾರ ಬೆಳಿಗ್ಗೆ, ಜಾರ್ಜ್‌ಟೌನಿನ ತನ್ನ ಅಡುಗೆಮನೆಯಲ್ಲಿ, ಅವನು ಇಪ್ಪತ್ಮೂರನೇ ಕಾಯಿಲು ಕೂರಿಸಿ ಒಂದು ದಮ್ಮು ಎಳೆದ. ಏಲಕ್ಕಿ! ಅದರ ಹಿಂದೆ ಹಾಲು, ಕೊನೆಗೆ ಒಂಚೂರು ಶುಂಠಿ. ಕಣ್ಣು ಮುಚ್ಚಿದರೆ ಮಾಧುರಿ ಒಲೆಯ ಮುಂದೆ ನಿಂತು, "ಡಬ್ಬಿ ಮರೀಬ್ಯಾಡ್ರಿ," ಅನ್ನುತ್ತಿದ್ದಳು. ಅವಳು ಬರುವುದು ಮುಂದಿನ ಶನಿವಾರ. ಅಷ್ಟರಲ್ಲಿ ಇದನ್ನೆಲ್ಲ ಕಸಕ್ಕೆ ಹಾಕಿಬಿಡುವ ಯೋಚನೆ ಅವನದು. ಏಳು ತಿಂಗಳು ತಡೆದವನಿಗೆ ಉಳಿದ ಏಳು ದಿನ ತಡೆಯುವುದೇ ಕಷ್ಟವಾಗಿತ್ತು. ಆವಿ ಹೊರಬಿಡಲು ಮನಸ್ಸಾಗದೆ ಬಾಯಲ್ಲೇ ಹಿಡಿದುಕೊಂಡ.

ಆಗ ಹಿಂಬಾಗಿಲು ತಳ್ಳಿಕೊಂಡು, ರೊಟ್ಟಿಯ ಗಂಟು ಹಿಡಿದು, ಪಕ್ಕದ ಮನೆಯ ಗಿರಿಜವ್ವ ಒಳಬಂದಳು. ಬಸವೇಶ ವೇಪನ್ನು ಜೇಬಿಗೆ ತುರುಕಲು ಹೋದ, ಅದು ಬಿಚ್ಚಿಕೊಂಡಿತು. ಬ್ಯಾಟರಿಯ ಡಬ್ಬಿ ಜೇಬು ಸೇರಿತು. ಬಾಯಿಗಿಡುವ ಮುಚ್ಚಳ ಫ್ರಿಜ್ಜಿನ ಕೆಳಗೆ ಉರುಳಿತು. ಕಾಯಿಲಿದ್ದ ಸ್ಟೀಲಿನ ಪುಟ್ಟ ಬಟ್ಟಲು ಕಳಚಿ ಹತ್ತಿಯ ರಾಶಿಯ ನಡುವೆ ಕೂತಿತು.

"ಏನಪಾ ತಮ್ಮಾ, ಬತ್ತಿ ಹೊಸ್ಯಾಕತ್ತೀಯೇನು?"

ಬಾಯಿ ಬಿಟ್ಟರೆ ಗುಟ್ಟು ರಟ್ಟು. ಬಸವೇಶ ತಲೆಯಾಡಿಸಿದ.

"ಮಾಧುರಿ ಸುಖವಾಗಿ ಮನಿಗಿ ಬರ್ಲೆಂತೇನು?"

ಇದಂತೂ ಸುಳ್ಳಲ್ಲ. ಇನ್ನೂ ಜೋರಾಗಿ ಆಡಿಸಿದ.

"ಲಕ್ಷ ಬತ್ತಿ ಹರಕೀ?"

ಆಡುತ್ತಿದ್ದ ತಲೆ ತಕ್ಷಣ ನಿಲ್ಲಲಿಲ್ಲ.

"ನಮ್ಮಪ್ಪಾ! ಮೌನಾನೂ ಹಿಡದೀಯಲ್ಲೋ!" ಗಿರಿಜವ್ವ ಮೂಗೆಳೆದು ನೋಡಿದಳು. "ಯಾಲಕ್ಕಿ ಧೂಪ ಬ್ಯಾರೆ! ಇದೇನ್, ದೀಪಾ? ಎಷ್ಟ ಚಂದ ಐತಿ, ಹೆಬ್ಬೆರಳಿನಷ್ಟ!"

ಬಟ್ಟಲಿನಿಂದ ಹತ್ತಿಯ ಎರಡು ತುದಿಗಳು ರಸದಲ್ಲಿ ನೆನೆದು ಇಣುಕುತ್ತಿದ್ದವು. ಬಸವೇಶ ಕೈ ಚಾಚುವಷ್ಟರಲ್ಲಿ ಅವಳು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಚಮಚೆ ತುಪ್ಪ ಸುರಿದು, ದೇವರ ಮುಂದಿಟ್ಟು ಕಡ್ಡಿ ಗೀರಿಯೇ ಬಿಟ್ಟಳು. ಇಪ್ಪತ್ಮೂರನೇ ಕಾಯಿಲು ಚಟಪಟ ಎಂದಿತು. ಅವಳು ಫೋಟೋ ತೆಗೆದು ಕನ್ನಡದವರ ವಾಟ್ಸ್ಯಾಪ್ ಗುಂಪಿಗೆ ಕಳಿಸಿದಳು.

ಬಸವೇಶ ಬಚ್ಚಲಿಗೆ ಓಡಿ ಬಾಯಿ ಖಾಲಿ ಮಾಡಿ ಯೋಚಿಸಿದ. ಮಾಧುರಿಗೆ ವೇಪಿನ ಸುದ್ದಿ ಮುಟ್ಟುವುದಕ್ಕಿಂತ ಹರಕೆಯ ಸುದ್ದಿ ಮುಟ್ಟುವುದೇ ಲೇಸು. ಬಂದು ಮತ್ತೆ ಹತ್ತಿಯ ಮುಂದೆ ಕೂತ.

ಮಧ್ಯಾಹ್ನಕ್ಕೆ, ಗುಂಪಿನ ಫೋಟೋ ನೋಡಿ, ಪೋರ್ಟ್ ಕ್ರೆಡಿಟ್ಟಿನಿಂದ ನಿವೃತ್ತ ಡಾಕ್ಟರು ರಾಜಗೋಪಾಲ ದೊಡ್ಡ ಪೆಟ್ಟಿಗೆ ಹೊತ್ತು ಬಂದರು.

"ಐ ಆಮ್ ಟಚ್ಡ್, ಬಸವೇಶ್! ನನ್ನ ವೈಫು ಊರಿಗೆ ಹೋದಾಗ ನಾನು ಹೊಸ ಟಿವಿ ತಗೊಂಡೆ, ಅಷ್ಟೆ. ತಗೊಳ್ಳಿ, ಕ್ಲಿನಿಕ್ ಕ್ಲೋಸ್ ಮಾಡಿದಾಗಿಂದ ಗರಾಜಲ್ಲಿತ್ತು. ಪ್ಯೂರ್ ಕಾಟನ್ನು, ಹನ್ನೆರಡು ರೋಲು!"

"ಸರ್, ಇದು ಬ್ಯಾರೆ ಬತ್ತಿ..."

"ಮೌನ ಮುರೀಬ್ಯಾಡೋ!" ಎಂದು ಗಿರಿಜವ್ವ ಗದರಿದಳು.

ಒಂದು ಗಂಟೆಗೆ ಮಾಧುರಿಯ ವಿಡಿಯೊ ಕಾಲ್ ಬಂತು. ಅವಳ ಕಣ್ಣು ತುಂಬಿತ್ತು.

"ರೀ, ನನ್ನ ಸಲುವಾಗಿ ಲಕ್ಷ ಬತ್ತಿ? ನನಗ ಒಂದ ಮಾತ ಹೇಳಲಿಲ್ಲ ನೋಡ್ರಿ."

"ನೀ ಬಾ ಮಾಧುರಿ, ಅಷ್ಟ ಸಾಕು. ನೀ ಇಲ್ಲದ ಈ ಮನಿ ಮನಿ ಅನಸೂದಿಲ್ಲ."

ಮದುವೆಯಾಗಿ ಹದಿನೆಂಟು ವರ್ಷಕ್ಕೆ ಬಸವೇಶ ಮೊದಲ ಸಲ ಈ ಮಾತು ಹೇಳಿದ್ದ. ಮಾಧುರಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅದಕ್ಕ ಟಿಕೆಟ್ ಮುಂದ ಹಾಕಿಸೀನ್ರಿ."

"ಆಂ?"

"ಅವ್ವ ಹೇಳಿದ್ಳು, ಹರಕಿ ಹೊತ್ತ ಗಂಡಸು ಅದು ತೀರೂತನಕಾ ಬ್ರಹ್ಮಚಾರಿ ಇರಬೇಕಂತ. ನಾ ಬಂದ್ರ ಕೆಡತೈತಂತ. ದಿನಾ ಐನೂರು ಹೊಸದ್ರ ಆರೂವರಿ ತಿಂಗಳು. ಮುಗದ ದಿನಾನ ವಿಮಾನ ಹತ್ತತೀನಿ."

ಬಸವೇಶನಿಗೆ ಇನ್ನು ಮರ್ಯಾದೆ ಬೇಡವಾಯಿತು, ಹೆಂಡತಿ ಬೇಕಾಯಿತು.

"ಮಾಧುರಿ, ಹರಕಿ ಇಲ್ಲ, ಏನಿಲ್ಲ! ನಾ ವೇಪು ಸೇದಾಕತ್ತೀನಿ! ಬಂದು ಬೈ, ಹೊಡಿ, ಏನ್ ಬೇಕಾದ್ ಮಾಡು. ನೋಡಿಲ್ಲೆ, ಇದ ಆ ವೇಪು!"

ಫೋನನ್ನು ದೇವರತ್ತ ತಿರುಗಿಸಿದ. ಅಲ್ಲಿ ಹಣೆ ತುಂಬ ಕುಂಕುಮ ಹಚ್ಚಿಕೊಂಡು, ತಲೆಗೊಂದು ಹೂವು ಮುಡಿದು, ಗಿರಿಜವ್ವ ಆಗಾಗ ಹನಿಸಿದ ತುಪ್ಪದಲ್ಲಿ ಸ್ಟೀಲ್ ಬಟ್ಟಲು ಸಾವಕಾಶ ಉರಿಯುತ್ತಿತ್ತು.

ಧಾರವಾಡದಿಂದ ಮಾಧುರಿ ಎರಡೂ ಕೈ ಮುಗಿದಳು. "ನಾ ಲಗೂನ ಬರ್ಲೆಂತ ದೇವರ ಮುಂದ ನಿಂತು ಇಷ್ಟ ದೊಡ್ಡ ಸುಳ್ಳ ಹೇಳ್ತೀರಲ್ರೀ! ಇಂಥಾ ಗಂಡ ಯಾರಿಗಿ ಸಿಗತಾನ?" ಎಂದು ಅಳುತ್ತಲೇ ಫೋನ್ ಇಟ್ಟಳು.

"ದೀಪದಾಗಿನ ಎರಡ ಬತ್ತಿ ಆದೂವು ತಮ್ಮಾ," ಎಂದು ಗಿರಿಜವ್ವ ಹತ್ತಿ ಮುಂದೆ ತಳ್ಳಿದಳು. "ಇನ್ನ ತೊಂಬತ್ತೊಂಬತ್ತ ಸಾವಿರದ ಒಂಬೈನೂರಾ ತೊಂಬತ್ತೆಂಟ ಉಳದಾವು."

ಆರುವ ಮೊದಲು ದೀಪ ಒಮ್ಮೆ ಏಲಕ್ಕಿ ಚಹಾದ ಘಮ ಬಿಟ್ಟಿತು. ಬಸವೇಶ ಅದನ್ನು ಎದೆ ತುಂಬ ಎಳೆದುಕೊಂಡು, ಹೊರಬಿಡದೆ, ಮೊದಲನೇ ರೋಲು ಬಿಚ್ಚಿದ.