ಕೈಹಿಡಿ ಯೋಜನೆಯ ಏಕೈಕ ಫಲಾನುಭವಿಯ ಕೃತಜ್ಞತೆಗಳು

ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ ಸಂಪರ್ಕ ವಿಭಾಗದ ಘನ ನಿರ್ದೇಶಕರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಕತ್ತರಿ ಇನ್ನೂ ಹರಿತವಾಗಿದೆಯೆಂದೂ ನಂಬಿ ಈ ಬಹಿರಂಗ ಪತ್ರವನ್ನು ಸಲ್ಲಿಸುತ್ತಿದ್ದೇನೆ. ಕತ್ತರಿಯ ಕ್ಷೇಮ ವಿಚಾರಿಸಿದ್ದಕ್ಕೆ ಬೇಸರಿಸಬಾರದು. ಓದುತ್ತಿರುವವರನ್ನು ಅದೇ ವೃತ್ತಿಯಲ್ಲಿ ನೆಲೆ ಕಂಡ ಹಳೆಯ ವಿದ್ಯಾರ್ಥಿಗಳ ಜೊತೆ ಜೋಡಿಸುವ ತಮ್ಮ ‘ಕೈಹಿಡಿ’ ಮಾರ್ಗದರ್ಶನ ಯೋಜನೆಯಲ್ಲಿ ಈವರೆಗೆ ಮೈಮುರಿದು ದುಡಿದದ್ದು ಅದೊಂದೇ ಎಂಬುದನ್ನು ಕಣ್ಣಾರೆ ಕಂಡವಳು ನಾನು. ನಾನು ಎರಡನೆಯ ವರ್ಷದಲ್ಲಿದ್ದಾಗ ತಾವು ಯೋಜನೆಯನ್ನು ಉದ್ಘಾಟಿಸಿದಿರಿ. ಮೂರನೆಯ ವರ್ಷದಲ್ಲಿ ಅದನ್ನೇ ವಿಧ್ಯುಕ್ತವಾಗಿ ಉದ್ಘಾಟಿಸಿದಿರಿ. ಕೊನೆಯ ವರ್ಷದಲ್ಲಿ ಹೊಸ ಬ್ಯಾನರಿನೊಂದಿಗೆ ಮರು ಉದ್ಘಾಟಿಸಿದಿರಿ. ಒಂದೇ ಬಾಗಿಲಿಗೆ ಮೂರು ಸಲ ರಿಬ್ಬನ್ ಕಟ್ಟಿ, ಮೂರು ಸಲ ಕತ್ತರಿಸಿ, ಬಾಗಿಲು ಮಾತ್ರ ತೆರೆಯದಂತೆ ನೋಡಿಕೊಳ್ಳುವುದು ಸಾಮಾನ್ಯರ ಕೈಲಾಗುವ ಕೆಲಸವಲ್ಲ.

ನಾನು ಶ್ರವಣ ವಿಜ್ಞಾನ ಓದಿದವಳು, ಅಂದರೆ ಜನರಿಗೆ ಎಷ್ಟು ಕೇಳಿಸುತ್ತದೆ ಎಂದು ಪರೀಕ್ಷಿಸುವವಳು. ಕೊನೆಯ ವರ್ಷದಲ್ಲಿ, ಕಿವಿಯ ಯಂತ್ರ ಮಾರುವ ಕಂಪನಿಯೊಂದು ತಮ್ಮ ಆಹ್ವಾನದ ಮೇರೆಗೆ ಕ್ಯಾಂಪಸ್ಸಿಗೆ ಬಂದು ನನ್ನನ್ನು ಆರಿಸಿತು. ಷರತ್ತು ಬಹಳ ಸರಳವಾಗಿತ್ತು: ಮೂರು ವರ್ಷ ಕೆಲಸ ಬಿಡುವಂತಿಲ್ಲ, ಅಲ್ಲಿಯವರೆಗೆ ನನ್ನ ಪದವಿಯ ಅಸಲಿ ಪ್ರಮಾಣಪತ್ರ ಅವರ ಕಪಾಟಿನಲ್ಲಿರಬೇಕು. ನಮ್ಮ ಮನೆಯಲ್ಲಿ ನೌಕರಿಯ ಕರಾರು ಓದಿ ಗೊತ್ತಿದ್ದವರು ಯಾರೂ ಇರಲಿಲ್ಲ. ಬಸ್ಸು ಓಡಿಸುವ ಅಪ್ಪ, “ಕಾಲೇಜಿನವರೇ ಕರೆಸಿದ ಕಂಪನಿ ಅಂದ್ಮೇಲೆ ಅವರು ಎಲ್ಲಾ ನೋಡಿಯೇ ಕರೆಸಿರ್ತಾರೆ ಬಿಡು” ಎಂದರು. ತಮ್ಮ ಬಗ್ಗೆ ಇಷ್ಟು ಒಳ್ಳೆಯ ಮಾತನ್ನು ಆಡಿದವರು ನನಗೆ ತಿಳಿದಂತೆ ಅವರೊಬ್ಬರೇ.

ಆಗ ನಾನು ತಮ್ಮ ಯೋಜನೆಗೆ ಅರ್ಜಿ ಹಾಕಿ, ಈ ವೃತ್ತಿಯಲ್ಲಿರುವ ಯಾರಾದರೂ ಹಿರಿಯರು ಒಂದೇ ಒಂದು ಪ್ರಶ್ನೆಗೆ ಉತ್ತರಿಸಲಿ ಎಂದು ಬೇಡಿಕೊಂಡೆ: ಅಸಲಿ ಪತ್ರ ಕೊಡಬಹುದೇ, ಕೊಡಬಾರದೇ? ತಮ್ಮ ವಿಭಾಗದಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ನನ್ನ ಪ್ರಶ್ನೆ ಅಮೂಲ್ಯವೆಂದು ಅದರಲ್ಲಿ ಬರೆದಿತ್ತು. ಅದು ಎಷ್ಟು ಅಮೂಲ್ಯವೆಂದರೆ ಆಮೇಲೆ ಯಾರೂ ಅದನ್ನು ಮುಟ್ಟುವ ಧೈರ್ಯ ಮಾಡಲಿಲ್ಲ. ಅದೇ ವಾರ ಮರು ಉದ್ಘಾಟನೆ ನಡೆಯಿತು. ಖಾಲಿ ಕುರ್ಚಿ ಕಾಣಬಾರದೆಂದು ನಮ್ಮ ತರಗತಿಯನ್ನು ಮುಂದಿನ ಸಾಲುಗಳಲ್ಲಿ ಕೂರಿಸಿದ್ದರು. ಬ್ಯಾನರಿನ ಖರ್ಚನ್ನು ಹೊತ್ತಿದ್ದ ಅದೇ ಕಂಪನಿಯ ಮುಖ್ಯಸ್ಥರ ಕೈಯನ್ನು ತಾವು ಛಾಯಾಗ್ರಾಹಕನಿಗೆ ತೃಪ್ತಿಯಾಗುವವರೆಗೆ ಹಿಡಿದು ನಿಂತಿರಿ. ಯೋಜನೆಯ ಹೆಸರು ಸಾರ್ಥಕವಾಯಿತು. ಪದವಿ ಮುಗಿದು ಪ್ರಮಾಣಪತ್ರ ಕೈಗೆ ಬಂದ ಮರುದಿನವೇ ನಾನು ಅದನ್ನು ಒಪ್ಪಿಸಿ ಕೆಲಸಕ್ಕೆ ಸೇರಿದೆ, ತಾವು ವಾರ್ಷಿಕ ವರದಿಯಲ್ಲಿ ನನ್ನನ್ನು ಉದ್ಯೋಗ ದೊರೆತವರ ಲೆಕ್ಕಕ್ಕೆ ಸೇರಿಸಿಕೊಂಡಿರಿ.

ಈ ಉದ್ಯೋಗದ ಸೊಬಗನ್ನೂ ತಮ್ಮ ಗಮನಕ್ಕೆ ತರಬೇಕು. ಕಂಪನಿಯ ಅಂಗಡಿಯ ಹಿಂಭಾಗದಲ್ಲಿ ಗಾಜಿನ ಕಿಟಕಿಯ ಒಂದು ಪುಟ್ಟ ಕೋಣೆಯಿದೆ. ಬಂದವರಿಗೆ ಅಲ್ಲಿ ಹೆಡ್‌ಫೋನ್ ಹಾಕಿ ಕೂರಿಸಿ, ಸದ್ದು ಕೇಳಿಸಿದಾಗ ಕೈ ಎತ್ತಿ ಎನ್ನುತ್ತೇನೆ. ಮೊನ್ನೆ ಒಬ್ಬ ಮುದುಕ ಬಡಗಿ ಸೊಸೆಯ ಜೊತೆ ಬಂದಿದ್ದರು. ಮನೆಯಲ್ಲಿ ಯಾರು ಏನು ಹೇಳಿದರೂ ಕೇಳಿಸುತ್ತಿಲ್ಲವೆಂದು ಸಂಕೋಚದಿಂದ ಹೇಳಿಕೊಂಡರು. ನೋಡಿದರೆ ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ಯಂತ್ರ ಬೇಡ, ಮೊದಲು ಕಿವಿಯ ಡಾಕ್ಟರ ಹತ್ತಿರ ಸ್ವಚ್ಛ ಮಾಡಿಸಿಕೊಳ್ಳಿ ಎಂದು ಕಳಿಸಿದೆ. ಅವರು ಹೋದ ಮೇಲೆ ವ್ಯವಸ್ಥಾಪಕರು ನನ್ನನ್ನು ಕರೆದು, “ಬಂದ ಗಿರಾಕೀನ ಬಾಗಿಲು ತೋರಿಸಿ ಕಳಿಸೋಕೆ ನಮಗೆ ವಾಚ್‌ಮನ್ ಇದಾನೆ, ನೀನು ಬೇಕಾಗಿಲ್ಲ. ಇನ್ನೊಂದು ಸಲ ಹೀಗೆ ಮಾಡಿದ್ರೆ ನಿನ್ನ ಸರ್ಟಿಫಿಕೇಟ್ ಎಲ್ಲಿದೆ ಅಂತ ನೆನಪು ಮಾಡ್ಕೋ” ಎಂದರು. ನಾಳೆ ಅಂಥ ಇನ್ನೊಬ್ಬ ಮುದುಕ ಬಂದರೆ ಅವರ ಕಿವಿಗೆ ಬೇಡದ ಯಂತ್ರ ಸಿಕ್ಕಿಸಬೇಕು, ಇಲ್ಲವೇ ಓದಿದ್ದನ್ನೆಲ್ಲ ಕಂಪನಿಯ ಕಪಾಟಿನಲ್ಲೇ ಬಿಟ್ಟು ಬರಬೇಕು ಎಂಬುದು ನನಗೆ ಅರ್ಥವಾಯಿತು.

ಹೀಗೆ ದಿಕ್ಕು ತೋಚದೆ ಕೂತಿದ್ದಾಗಲೇ ತಮ್ಮ ಪತ್ರ ಬಂದದ್ದು. ನಾನು ವೃತ್ತಿಯಲ್ಲಿ ಯಶಸ್ಸಿನ ಶಿಖರವೇರಿದ ಹಳೆಯ ವಿದ್ಯಾರ್ಥಿನಿಯೆಂದೂ, ಆದ್ದರಿಂದ ನನ್ನನ್ನು ಮಾರ್ಗದರ್ಶಿಯಾಗಿ ನೇಮಿಸಲಾಗಿದೆಯೆಂದೂ, ನನ್ನ ಸಲಹೆಗಾಗಿ ಬಹುಕಾಲದಿಂದ ಕಾದಿರುವ ಒಬ್ಬ ವಿದ್ಯಾರ್ಥಿನಿಯನ್ನು ಗಣಕಯಂತ್ರ ಆರಿಸಿಕೊಟ್ಟಿದೆಯೆಂದೂ ತಾವು ತಿಳಿಸಿದ್ದಿರಿ. ವಿಷಯ ಒಂದೇ, ಆಸಕ್ತಿ ಒಂದೇ, ಬಡಾವಣೆಯೂ ಒಂದೇ. ಹೊಂದಾಣಿಕೆ ನೂರಕ್ಕೆ ನೂರು. ವಿದ್ಯಾರ್ಥಿನಿಯ ಹೆಸರು ನೋಡಿದೆ. ನನ್ನದೇ. ನನ್ನ ಹಳೆಯ ಅರ್ಜಿಯನ್ನು ಯಾರೂ ಮುಚ್ಚಿರಲಿಲ್ಲ, ಪದವಿ ಮುಗಿದ ಕೂಡಲೇ ನನ್ನ ಹೆಸರು ಹಿರಿಯರ ಪಟ್ಟಿಗೂ ತಾನಾಗಿ ಸೇರಿತ್ತು, ಯಂತ್ರ ಎರಡೂ ಕಡೆ ನನ್ನನ್ನು ಕಂಡು ಇಬ್ಬರಿಗೂ ಗಂಟು ಹಾಕಿತ್ತು. ಇಷ್ಟು ಹೇಳಿ ಮಾಡಿಸಿದಂಥ ಜೋಡಿ ತಮ್ಮ ಯೋಜನೆಗೆ ಇನ್ನೊಂದು ಸಿಗಲಾರದು.

ತಮ್ಮ ಕಚೇರಿಗೆ ಫೋನು ಮಾಡಿದೆ. ತಮ್ಮ ಸಹಾಯಕರು ಸಾವಧಾನವಾಗಿ ಎಲ್ಲವನ್ನೂ ಕೇಳಿ, “ಅದು ಸಿಸ್ಟಮ್ ಮಾಡಿರೋದು ಮೇಡಂ, ನಮ್ಮ ಕೈಲಿ ಏನೂ ಇಲ್ಲ. ಒಂದು ಸಲ ಭೇಟಿ ಮಾಡಿ ಫೋಟೋ ಹಾಕಿಬಿಡಿ. ಇಬ್ಬರೂ ಕಾಣೋ ಹಾಗಿರಲಿ, ಅಷ್ಟೇ” ಎಂದರು. ಆಜ್ಞೆಯನ್ನು ಮೀರಲಾರದೆ ಅಂಗಡಿಯ ಕನ್ನಡಿಯ ಮುಂದೆ ನಿಂತು, ಕನ್ನಡಿಗೆ ಕೈ ಚಾಚಿ ಫೋಟೋ ತೆಗೆದು ಕಳಿಸಿದೆ. ಭೇಟಿ ಫಲಪ್ರದವಾಗಿದೆಯೆಂದು ತಮ್ಮ ಅಭಿನಂದನೆ ಬಂತು. ಫೋಟೋ ನೋಡಿದ ನನ್ನ ಅಕ್ಕ, “ಇದರಲ್ಲಿ ಬುದ್ಧಿ ಹೇಳೋಳು ಯಾರೇ? ಇಬ್ಬರ ಮುಖದಲ್ಲೂ ಅದು ಕಾಣ್ತಿಲ್ಲ” ಎಂದಳು. ಅವಳು ತಮ್ಮ ವಿಶ್ವವಿದ್ಯಾಲಯದಲ್ಲಿ ಓದಿಲ್ಲ, ಮನ್ನಿಸಬೇಕು.

ಆದರೆ ಮಾನ್ಯರೇ, ಕೊಟ್ಟ ಜವಾಬ್ದಾರಿಯನ್ನು ಅರ್ಧಕ್ಕೆ ಬಿಡುವುದು ನಮ್ಮ ಮನೆತನದಲ್ಲಿಲ್ಲ. ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ಪರೀಕ್ಷೆಯ ಕೋಣೆಯ ಬಾಗಿಲು ಹಾಕಿಕೊಂಡು ಕೂತು, ಆ ಹುಡುಗಿಯ ಪ್ರಶ್ನೆಯನ್ನು ಮತ್ತೆ ಓದಿದೆ. ಎಷ್ಟು ವಿನಯದಿಂದ ಬರೆದಿದ್ದಳು, ಎರಡೆರಡು ಸಲ ದಯವಿಟ್ಟು ಎಂದಿದ್ದಳು. ನನಗೆ ಅಳು ಬಂತು, ಆಮೇಲೆ ತಮ್ಮ ಮೇಲೆ ವಿಪರೀತ ಸಿಟ್ಟು ಬಂತು. ಯಾರಾದರೂ ಒಬ್ಬರು ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಸಾಲನ್ನು ನಾನೇ ಬರೆದೆ: ಅಸಲಿ ಪತ್ರ ಕೊಡಬೇಡ, ಅದನ್ನು ಕೇಳುವ ಕೆಲಸ ನಿನಗೆ ಬೇಡ, ಕೊಟ್ಟುಬಿಟ್ಟಿದ್ದರೆ ಇವತ್ತೇ ರಾಜೀನಾಮೆ ಬರೆದು ವಾಪಸ್ ಕೇಳು. ಹಿರಿಯರ ಮಾತು ಮೀರುವ ಹುಡುಗಿ ಅವಳಲ್ಲ. ಸಂಜೆ ಅಂಗಡಿ ಮುಚ್ಚುವ ಮೊದಲೇ ರಾಜೀನಾಮೆ ಕೊಟ್ಟಳು.

ನಿರೀಕ್ಷಿಸಿದಂತೆ ಕಂಪನಿಯವರು ಪ್ರಮಾಣಪತ್ರ ಕೊಡುವುದಿಲ್ಲವೆಂದು ಹೇಳಿದ್ದಾರೆ. ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಇಷ್ಟೇ: ಮುಂದಿನ ಉದ್ಘಾಟನೆಯಲ್ಲಿ ಕಂಪನಿಯ ಮುಖ್ಯಸ್ಥರ ಕೈ ಹಿಡಿದಾಗ, ಛಾಯಾಗ್ರಾಹಕನ ಕೆಲಸ ಮುಗಿದರೂ ಬಿಡದೆ, ನನ್ನ ಪ್ರಮಾಣಪತ್ರ ಅವರ ಇನ್ನೊಂದು ಕೈಯಿಂದ ಹೊರಬರುವವರೆಗೆ ಹಿಡಿದೇ ಇರಬೇಕು. ತಮಗೆ ಅಭ್ಯಾಸವಿದೆ, ತೋಳು ನೋಯಲಾರದು. ಅದು ಸಾಧ್ಯವಿಲ್ಲದಿದ್ದರೆ ನಾನು ಓದಿದ ನಾಲ್ಕು ವರ್ಷವನ್ನೂ ಮರು ಉದ್ಘಾಟಿಸಿ ಕೊಟ್ಟರೂ ಆದೀತು. ತಮ್ಮ ಯೋಜನೆ ಕೊನೆಗೂ ಒಬ್ಬಳಿಗೆ ಮಾರ್ಗ ತೋರಿಸಿತು ಎಂಬ ಸಂತೋಷವನ್ನು ವರದಿಯಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿ, ಅದರ ಕೆಳಗೆ ಉದ್ಯೋಗ ದೊರೆತವರ ಸಂಖ್ಯೆಯಲ್ಲಿ ಒಂದನ್ನು ಕಳೆಯಲು ಮರೆಯಬಾರದೆಂದು ವಿನಂತಿ.

ತಮ್ಮ ಕತ್ತರಿಗೆ ದೀರ್ಘಾಯುಷ್ಯ ಕೋರುತ್ತಾ,

ತಮ್ಮ ವಿಶ್ವಾಸಿ,
ಮಾರ್ಗದರ್ಶಿ ಮತ್ತು ವಿದ್ಯಾರ್ಥಿನಿ (ಇಬ್ಬರ ಪರವಾಗಿ)

ತಾ.ಕ.: ಇದೇ ಕಂಪನಿ ಬರುವ ಸೋಮವಾರ ಈ ಸಲದ ಕೊನೆಯ ವರ್ಷದವರ ಸಂದರ್ಶನಕ್ಕೆ ಬರುತ್ತಿದೆಯೆಂದು ತಿಳಿದು ಪರಮಾನಂದವಾಯಿತು. ಮಾರ್ಗದರ್ಶಿಯ ಹುದ್ದೆಯಿಂದ ತಾವು ನನ್ನನ್ನು ಇನ್ನೂ ತೆಗೆದಿಲ್ಲ. ಹಾಗಾಗಿ ಅಂದು ಬೆಳಿಗ್ಗೆಯಿಂದ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತಿರುತ್ತೇನೆ. ಸಂದರ್ಶನಕ್ಕೆಂದು ಕಾಗದಪತ್ರ ನಕಲು ಮಾಡಿಸಲು ಬರುವ ಪ್ರತಿಯೊಬ್ಬರನ್ನೂ ನಿಲ್ಲಿಸಿ ಅಸಲಿ ಪತ್ರದ ವಿಷಯ ಮಾತಾಡುತ್ತೇನೆ. ಈ ಉದ್ಘಾಟನೆಗೆ ತಾವು ಬರುವ ಅಗತ್ಯವಿಲ್ಲ.